ಮುಟ್ಟದ ಖೋ

ನಮ್ಮ ಮನೆತನದಾಗ ಓಡಿದವರು ಯಾರೂ ಇಲ್ಲ. ಮುತ್ತಜ್ಜ ಶಾಸ್ತ್ರ ಓದಿದಾವ, ಅಜ್ಜ ಪುರಾಣ ಹೇಳ್ತಿದ್ದಾವ, ಅಪ್ಪ ಹಾನಗಲ್ಲಿನ ಒಂದು ಕಚೇರಿಯೊಳಗ ಗುಮಾಸ್ತ, ಕಾಕಾಗೋಳ ಪೈಕಿ ಒಬ್ಬ ವಕೀಲ, ಒಬ್ಬ ಕಾಲೇಜಿನ್ಯಾಗ ಪಾಠ ಹೇಳಾಂವ. ಎಲ್ಲಾರೂ ಕೂತವರ. ಕೂತು ಓದಿದ್ರು, ಕೂತು ಉಂಡ್ರು, ನಲವತ್ತು ದಾಟೂದ್ರಾಗ ಒಬ್ಬೊಬ್ಬರ ಸಕ್ಕರಿ ಬ್ಯಾನಿ ಹಚ್ಚಿಕೊಂಡ್ರು. ಡಾಕ್ಟರು "ದಿನಾ ಎರಡು ಮೈಲು ನಡೀರಿ" ಅಂದಾಗ ಅಪ್ಪ ಅದನ್ನ ಚೀಟಿ ಮ್ಯಾಲೆ ಬರಿಸಿಕೊಂಡು ಬಂದಿದ್ದ, ಔಷಧದ ಹೆಸರು ಬರಿಸಿಕೊಂಡು ಬಂದ್ಹಾಂಗ. ಆ ಚೀಟಿ ಆಂವ ಅವ್ವಗ ಓದಿ ಹೇಳೂ ಹೊತ್ತಿಗೆ ನಮ್ಮ ಮನಿ ಮುಂದಿನ ಕಟ್ಟಿಗೆ ಆನಿಕೊಂಡು ಒಬ್ಬ ಹೆಣ್ಣುಮಗಳು ನಿಂತಿದ್ಲು. ತಲಿ ಮ್ಯಾಲೆ ಹುಲ್ಲಿನ ಹೊರಿ, ನಾಕು ಮೈಲು ನಡದು ಬಂದಾಳ, ಬಾಯಿ ತಗದು ಉಸಿರು ಬಿಡ್ಲಿಕ್ಕೆ ಹತ್ಯಾಳ. ಒಬ್ಬರಿಗೆ ನಡೀರಿ ಅಂತ ಚೀಟಿ, ಇನ್ನೊಬ್ಬರಿಗೆ ಕೂಡ್ರಿ ಅನ್ನಾವರ ಇಲ್ಲ. ಇದು ಯಾಕ ಹಿಂಗ ಅಂತ ಅಪ್ಪನ್ನ ಕೇಳಿದೆ. "ನಿನಗ್ಯಾಕ ಬೇಕು ಆ ಉಸಾಬರಿ? ಹೋಗು, ಮಗ್ಗಿ ಬರಿ" ಅಂದ.

ಕೇಳೂದು ನನ್ನ ಹುಟ್ಟುಗುಣ, ಅದು ಸುಟ್ಟರೂ ಹೋಗೂದಿಲ್ಲ. ಕೇಳಿದ್ದನ್ನ ಹತ್ತು ಮಂದಿಗೆ ಹೇಳೂದು ಇನ್ನೊಂದು ಗುಣ, ಅದಂತೂ ಇನ್ನೂ ಹೊಲಸು. ಈ ಎರಡೂ ಗುಣದಿಂದ ಏನಾತು ಅನ್ನೂದ ಈಗ ನಾ ಹೇಳಲಿಕ್ಕೆ ಕೂತದ್ದು.

ಮನೆತನದಾಗ ಯಾರೂ ಓಡದಿದ್ರೂ ನನಗ ಓಡ್ಲಿಕ್ಕೆ ಬರ್ತಿತ್ತು. ಕಲಿಸಿದಾಕಿ ನಮ್ಮ ಅಜ್ಜಿ. ಕಲಸ್ಲಿಕ್ಕೆ ಹತ್ತೇನಿ ಅಂತ ಆಕಿಗೆ ಗೊತ್ತಿರಲಿಲ್ಲ, ಅದು ಬ್ಯಾರೆ ಮಾತು. ನಮ್ಮ ಮನಿ ಉದ್ದಕ್ಕ ಇತ್ತು, ಅಗಲ ಇರಲಿಲ್ಲ. ತಲಬಾಗಲದಿಂದ ಹಿತ್ತಲದ ಬಾವಿ ತನಕ ಒಂದ ಸಂದಿ. ಮುಂಜಾನೆ ಅಜ್ಜಿ ಬಾವಿ ಕಟ್ಟಿ ಮ್ಯಾಲೆ ತಣ್ಣೀರು ಸುರವಿಕೊಂಡು, ತೊಯ್ದ ಕೆಂಪು ಸೀರಿ ಉಟ್ಟು, ಕೈಯಾಗ ತಾಮ್ರದ ಕೊಡ ಹಿಡಕೊಂಡು ಆ ಸಂದಿಯೊಳಗ ಬಂದ್ಲಂದ್ರ ನಾವು ಮಕ್ಕಳೆಲ್ಲಾ ದಾರಿ ಬಿಟ್ಟು ಹಾರಬೇಕು. ಆಕಿ ಮಡಿಯೊಳಗ ಇರ್ತಿದ್ಲು. ಪೂಜಾ, ಅಡಗಿ, ಊಟ ಮುಗಿಯೂ ತನಕ ಆಕೀನ್ನ ಯಾರೂ ಮುಟ್ಟೂ ಹಾಂಗಿಲ್ಲ, ಮುಟ್ಟಿದ್ರ ಆಕಿ ಮತ್ತ ಬಾವಿಗೆ ಹೋಗಿ ತಣ್ಣೀರು ಸುರವಿಕೊಳ್ಳಬೇಕು. "ಸರಿ, ಸರಿ, ಮುಟ್ಟಿಗಿಟ್ಟಿ!" ಅನ್ಕೋತ ಬರ್ತಿದ್ಲು. ನಾನು ಒಂದು ಕೈಯಾಗ ಪಾಟೀಚೀಲ, ಒಂದು ಕೈಯಾಗ ಅವಲಕ್ಕಿ ಬಟ್ಟಲ ಹಿಡಕೊಂಡು, ಗ್ವಾಡಿಗೆ ಹಲ್ಲಿ ಹಾಂಗ ಅಂಟಿ, ಸ್ವಂಟಾ ಹೊರಳಿಸಿ, ಆಕಿ ಸೀರಿ ಸೆರಗಿಗೂ ತಾಗದ ಪಾರಾಗ್ತಿದ್ದೆ. ಮೂರು ವರ್ಷದಾಕಿ ಇದ್ದಾಗಿಂದ ದಿನಾ ಇದ ತಾಲೀಮು. ಹನ್ನೆರಡು ಹದಿಮೂರಕ್ಕ ಬರೂದ್ರಾಗ ನನ್ನ ಮುಟ್ಟೂದು ಯಾರ ಕೈಲೂ ಆಗ್ತಿರಲಿಲ್ಲ.

ಒಮ್ಮೆ ಅಜ್ಜೀನ್ನೂ ಕೇಳಿದ್ದೆ.

"ಅಜ್ಜಿ, ಮುಟ್ಟಿದ್ರ ಏನಾಗ್ತದ?"

"ಮೈಲಿಗಿ ಆಗ್ತದ."

"ಮೈಲಿಗಿ ಆದ್ರ ಏನಾಗ್ತದ?"

"ಸ್ನಾನಾ ಮಾಡಬೇಕಾಗ್ತದ."

"ಮಾಡದಿದ್ರ?"

"ನಿನ್ನ ತಲಿ! ನಮ್ಮತ್ತಿನ್ನ ನಾ ಕೇಳಿದ್ನೇನು? ಸುಮ್ನ ಸರಿ ಅತ್ಲಾಗ." ಆಮ್ಯಾಲೆ ಏನು ನೆನಪಾತೋ ಏನೋ, ಕೊಡ ಕೆಳಗಿಟ್ಟು ಅಂದ್ಲು, "ನಾನೂ ಕುಂಟಾಟ ಭಾಳ ಛಂದ ಆಡ್ತಿದ್ದೆ. ಲಗ್ನಾತು, ಬಿಟ್ಟೆ." ಲಗ್ನ ಆದಾಗ ಆಕಿಗೆ ಒಂಬತ್ತು ವರ್ಷ. ಅಂದ್ರ ಒಂಬತ್ತಕ್ಕ ಓಡೂದು ಮುಗೀತು. ನಮ್ಮ ಪೈಕಿ ಹೆಣ್ಣಮಕ್ಕಳಿಗೆ ವ್ಯಾಳ್ಯಾ ಇತ್ತು, ಓಡ್ಲಿಕ್ಕೆ ಅಪ್ಪಣಿ ಇರಲಿಲ್ಲ.

ಎಪ್ಪತ್ತರ ದಶಕದ ನಡುವ, ನಾ ಎಂಟನೇ ಇಯತ್ತೆಗೆ ಬಂದ ವರ್ಷ, ನಮ್ಮ ಸಾಲಿಗೆ ಹೊಸಾ ಡ್ರಿಲ್ ಅಕ್ಕೋರು ಬಂದ್ರು. ಶಿಗ್ಗಾಂವಿ ಕಡೆ ಒಕ್ಕಲತನದ ಮನಿಯವರು. ಕೊಳ್ಳಾಗ ಸೀಟಿ, ಸೀರಿ ಮ್ಯಾಲೆ ಕಟ್ಟಿ ಸಿಗಿಸಿದ್ದು, ಕಾಲಾಗ ಬಿಳೇ ಕ್ಯಾನ್ವಾಸ್ ಬೂಟು. ಹೆಂಗಸು ಸೀಟಿ ಊದೂದು ಹಾನಗಲ್ಲಿನ್ಯಾಗ ಅದ ಮೊದಲ ಸಲ ನೋಡಿದ್ದು ನಾವು. ಗಂಡಹುಡುಗೂರಿಗೆ ದೊಡ್ಡ ಬೈಲು ಇತ್ತು. ನಮಗ ಸಾಲಿ ಹಿಂದ ಬೇವಿನ ಮರಕ್ಕೂ ಕಂಪೌಂಡಿಗೂ ನಡುವ ಒಂದು ಪಟ್ಟಿ ಜಾಗಾ, ಅದರಾಗ ಅರ್ಧ ಮಾಸ್ತರ ಸೈಕಲ್ಲು. ಅಕ್ಕೋರು ಬಂದ ವಾರದಾಗ ಸೈಕಲ್ ಎಲ್ಲಾ ಎತ್ತಿಸಿ, ಎರಡು ಕಂಬ ನೆಡಿಸಿ, ಸುಣ್ಣದ ಗೆರಿ ಹಾಕಿಸಿದ್ರು. ಚಳಿಗಾಲದಾಗ ಸವಣೂರಾಗ ನಾಕು ತಾಲೂಕಿನ ಹೆಣ್ಣಮಕ್ಕಳ ಖೋ-ಖೋ, ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಒಂಬತ್ತು ಮಂದಿ ಬೇಕು.

ಖೋ-ಖೋ ಗೊತ್ತಿಲ್ಲದವರಿಗೆ ಒಂದು ಮಾತು. ಎಂಟು ಮಂದಿ ಒಂದು ಸಾಲಾಗಿ, ಒಬ್ಬಾಕಿ ಮಾರಿ ಆಕಡೆ, ಒಬ್ಬಾಕಿ ಮಾರಿ ಈಕಡೆ, ತಮ್ಮ ತಮ್ಮ ಚೌಕದಾಗ ಕುಕ್ಕರಗಾಲಿಲೆ ಕೂಡ್ತಾರ. ಒಂಬತ್ತನೇದಾಕಿ ಎದುರಿನ ತಂಡದವರ ಬೆನ್ನ ಹತ್ತಿ ಓಡ್ತಾಳ, ಮುಟ್ಟಿದ್ರ ಅವರು ಔಟು. ಎದುರಿನಾಕಿ ಆಕಡೆ ನುಸುಳಿದ್ರ ಇಕಿ ಗೆರಿ ದಾಟೂಹಾಂಗಿಲ್ಲ. ಕೂತಾಕಿ ಬೆನ್ನ ಮುಟ್ಟಿ "ಖೋ" ಅನ್ನಬೇಕು, ಆಕಿ ಎದ್ದು ಓಡ್ತಾಳ, ಇಕಿ ಆ ಚೌಕದಾಗ ಕೂಡ್ತಾಳ. ಬೆನ್ನಿಗೆ ಕೈ ತಾಗಲಿಕ್ಕ ಬೇಕು. ತಾಗಲಿಲ್ಲಂದ್ರ ಸೀಟಿ, ಫೌಲ್.

ಮೊದಲ ದಿನಾನ ಅಕ್ಕೋರು ನಮ್ಮನ್ನೆಲ್ಲಾ ಸಾಲಾಗಿ ನಿಲ್ಲಿಸಿ ಹೇಳಿದ್ರು. "ನೋಡ್ರೆವಾ, ಇದು ಮುಟ್ಟೂ ಆಟ. ಮುಟ್ಟಾಕ ಒಲ್ಲೆ, ಮುಟ್ಟಿಸ್ಕೊಳ್ಳಾಕ ಒಲ್ಲೆ ಅನ್ನಾಕಿ ಯಾಕಿದ್ರೂ ಈಗ ಮನಿಗೆ ನಡೀರಿ. ನಡುವ ರಗಳಿ ತಗದ್ರ ನಾ ಕೇಳಾಕಿ ಅಲ್ಲ." ಯಾರೂ ಹೋಗಲಿಲ್ಲ. ನಾನಂತೂ ಎಲ್ಲಾರಿಗಿಂತ ಮುಂದ ನಿಂತಿದ್ದೆ.

ಸಾಲಿನ ಕಟ್ಟಕಡಿಗೆ ಒಬ್ಬಾಕಿ ನಿಂತಿದ್ಲು. ಆಕಿ ಹೆಸರು ನಾ ಬರಿಯೂದಿಲ್ಲ, ಆಕೀನ್ನ ಕೇಳದ ಬರಿಯೂದು ಸರಿ ಅಲ್ಲ. ತಿಳವಳ್ಳಿ ರಸ್ತಾದ ಮ್ಯಾಲಿನ ಒಂದು ಸಣ್ಣ ಹಳ್ಳಿಯಿಂದ ದಿನಾ ನಡಕೋತ ಬರ್ತಿದ್ಲು, ಹಿಂಗಾಗಿ ನಾವೆಲ್ಲಾ ಆಕಿಗೆ "ನಡಕೋತ ಬರಾಕಿ" ಅಂತಿದ್ವಿ. ಆ ಹಳ್ಳಿಯೊಳಗೂ ಊರ ಹೊರಗಿನ ಕೇರಿಯಾಕಿ, ಊರವರು ಮುಟ್ಟಿಸಿಕೊಳ್ಳದ ಕೇರಿ. ಕ್ಲಾಸಿನ್ಯಾಗ ಕಡೀ ಬೆಂಚು. ಮಾತು ಕಡಿಮಿ. ನಾವೆಲ್ಲಾ ಒಂದ ವಯಸ್ಸಿನವರಿದ್ರೂ ನಮಗೆಲ್ಲಾ "ರೀ" ಹಚ್ಚಿ ಮಾತಾಡ್ತಿದ್ಲು, ನಾವು ಆಕಿಗೆ "ನೀ" ಅಂತಿದ್ವಿ. ಎಲ್ಲಾದಕ್ಕೂ ಯಾಕ ಯಾಕ ಅನ್ನೂ ನಾನು ಇದಕ್ಕ ಯಾಕ ಅಂತ ಒಂದು ದಿನಾನೂ ಕೇಳಿರಲಿಲ್ಲ.

ಆದ್ರ ಆಕಿ ಓಡೂದು! ಅಬ್ಬಬ್ಬಾ! ಸೀಟಿ ಬಿದ್ದದ್ದ ತಡ, ನೆಲಾ ಕಾಲಿಗೆ ಹತ್ತತೋ ಇಲ್ಲೋ ಅನ್ನೂಹಾಂಗ. ದಿನಾ ಎರಡೂ ಹೊತ್ತು ನಡದು, ತಡಾ ಆದ್ರ ಓಡಿ, ಮನಿಗೆ ಹೋಗಿ ನೀರು ಹೊತ್ತು, ಆಡು ಹೊಡಕೊಂಡು ತಿರುಗಿದ ಕಾಲು ಅವು. ಸವಣೂರಿನ ಬಹುಮಾನದ ತಾಟು ನಮ್ಮದ ಅಂತ ಅಕ್ಕೋರು ಆವತ್ತ ನಿಶ್ಚಯ ಮಾಡಿಬಿಟ್ರು. ಆಕಿ ಅವ್ವನ್ನ ಕರಿಸಿ ಮಾತಾಡಿದ್ರು. ಅವ್ವ ಬೇವಿನ ಮರದ ಕೆಳಗ ನಿಂತು ಹೇಳಿದ್ದನ್ನ ನಾ ಕಿವಿ ನಿಗರಿಸಿ ಕೇಳಿಸಿಕೊಂಡೆ. "ಅಕ್ಕೋರ, ಸುಗ್ಗಿ ಬಂತ್ರಿ. ಭತ್ತ ಕೊಯ್ಯಾಕ ಕೈ ಬೇಕ್ರಿ. ಇಕೀನ್ನ ಸಾಲಿ ಬಿಡಸ್ಬೇಕಂತ ಮಾಡೇನಿ." ಅಕ್ಕೋರು ಅಂದ್ರು, "ಆಟದಾಗ ಹೆಸರು ಬರ್ಲಿ ಬೇ. ಬಂದ್ರ ಬಟ್ಟಿ, ಪುಸ್ತಕ ಎಲ್ಲಾ ಸಾಲಿಯಿಂದ ಕೊಡಸ್ತೇನಿ, ಮ್ಯಾಟ್ರಿಕ್ ತನಕ ನಾ ನೋಡ್ಕೊಂತೇನಿ." ಅವ್ವ ವಿಚಾರ ಮಾಡಿ, "ಆತ್ರಿ. ಹೆಸರು ಬಂದ್ರ ಸಾಲಿ ಇರ್ಲಿ. ಬರ್ಲಿಲ್ಲಂದ್ರ ಮರುದಿನಾನ ಕುಡಗೋಲು ಹಿಡೀಬೇಕು" ಅಂದ್ಲು. ಮಗಳು ಬಾಜೂಕ ನಿಂತು ಕಾಲ ಬೆರಳಿಲೆ ಮಣ್ಣು ಕೆದರ್ತಿದ್ಲು. ಹಿಂಗ ಇಡೀ ಸಾಲಿಗೆ ಗೊತ್ತಿತ್ತು, ಸವಣೂರು ನಮಗ ಬರೇ ಆಟ, ಆಕಿಗೆ ಸಾಲಿ ಇರೂದೋ ಹೋಗೂದೋ ಅನ್ನೂ ಪ್ರಶ್ನಿ.

ಮೊದಲ ದಿನ ಆಡಿ ಮನಿಗೆ ಹೋದೆ. ಸುಮ್ನ ಇರಬೇಕಲ್ಲ? ಇಲ್ಲ. ಅಜ್ಜಿ ಮುಂದ ಕೂತು ಪೂರಾ ಪುರಾಣ ಬಿಚ್ಚಿದೆ. ಎಂಟು ಚೌಕ, ಎರಡು ಕಂಬ, ಯಾರು ಯಾರ ಬೆನ್ನ ಮುಟ್ಟಿದ್ರು, ಯಾರು ಹ್ಯಾಂಗ ಬಿದ್ರು. ಅಜ್ಜಿ ಬತ್ತಿ ಹೊಸಕೋತ "ನಿನ್ನ ಬೆನ್ನ ಯಾರ್‍ಯಾರು ಮುಟ್ಟಿದ್ರು?" ಅಂದ್ಲು. ನಾ ಒಬ್ಬೊಬ್ಬರದೂ ಹೆಸರು, ಓಣಿ ಹೇಳಿದೆ. ಕಡೀ ಹೆಸರಿಗೆ ಅಜ್ಜಿ ಕೈ ನಿಂತ್ವು. "ಯಾವ ಕೇರಿಯಾಕಿ ಅಂದಿ?" ಅಷ್ಟ. ಉಟ್ಟ ಅರಿವಿ ಮ್ಯಾಲೇನ ನನ್ನ ಬಾವಿ ಕಟ್ಟಿಗೆ ಎಳಕೊಂಡು ಹೋಗಿ ಎರಡು ಕೊಡ ತಣ್ಣೀರು ದಬದಬಾ ಸುರವಿದ್ಲು. ದೀಪಾವಳಿ ಮುಗದ ಮ್ಯಾಲಿನ ಚಳಿ, ಸಂಜೀಹೊತ್ತು. ಹಲ್ಲು ಕಟಕಟಾ ಕಟಕಟಾ.

ಮರುದಿನ ಸಾಲಿಯೊಳಗ ಅದನ್ನ ನಾಟಕ ಮಾಡಿ ತೋರಿಸಿದೆ. ಅಜ್ಜಿ ದನಿ, ಕೊಡ ಎತ್ತೂದು, ನಾ ಗಡಗಡಾ ನಡಗೂದು. ಹುಡುಗ್ಯಾರು ಹೊಟ್ಟಿ ಹಿಡಕೊಂಡು ನಕ್ಕರು. ಯಾಕ ಸುರವಿದ್ಲು ಅನ್ನೂದನ್ನೂ ಹೇಳಿದೆ, ಅದನ್ನ ಹೇಳದಿದ್ರ ನಾಟಕಕ್ಕ ರಂಗ ಎಲ್ಲಿ ಬರ್ತದ? ಕಡೀ ಬೆಂಚಿನಾಕೀನೂ ನಕ್ಕಳು. ನಾ ನೋಡಿದೆ, ನಕ್ಕಳು. ಆಕೀನೂ ನಕ್ಕಳಲ್ಲ ಅಂತ ನನಗ ಇನ್ನಷ್ಟು ಹುರುಪು ಬಂತು.

ಅದರ ಮರುದಿನದಿಂದ ಫೌಲ್ ಶುರು ಆದ್ವು.

ಆಕಿ ಎಲ್ಲಾರಿಗೂ ಖೋ ಕೊಡ್ತಿದ್ಲು, ಸರಿಯಾಗಿ ಕೊಡ್ತಿದ್ಲು. ನನ್ನ ಚೌಕದ ಹಿಂದ ಬಂದಾಗ ಮಾತ್ರ "ಖೋ" ಅಂತ ಒದರ್ತಿದ್ಲು, ಬೆನ್ನಿಗೆ ಏನೂ ತಾಗ್ತಿರಲಿಲ್ಲ. ನಾ ಎದ್ದು ಓಡೂದು, ಅಕ್ಕೋರು ಸೀಟಿ ಊದೂದು. "ಕೈ ತಾಗ್ಲಿಲ್ಲ! ಫೌಲ್!" ದಿನಾ ಎರಡು ಸಲ, ಮೂರು ಸಲ. ಅಕ್ಕೋರು ಮೊದಲ ತಿಳಿಸಿ ಹೇಳಿದ್ರು, ಆಮ್ಯಾಲೆ ಬೈದ್ರು, ಆಮ್ಯಾಲೆ ಮೈದಾನ ಸುತ್ತ ಹತ್ತು ಸುತ್ತು ಓಡಿಸಿದ್ರು. ಓಡೂದಂದ್ರ ಆಕಿಗೇನು, ಮುಗುಳ್ನಗಿ ನಕ್ಕೋತ ಹತ್ತೂ ಸುತ್ತು ಓಡಿ ಬಂದ್ಲು. ಯಾಕ ಹಿಂಗ ಮಾಡ್ತಿ ಅಂದ್ರ ತಲಿ ಕೆಳಗ. "ಏನ್ ಹಟಮಾರಿ ಐತಿ ಈ ಕೂಸು!" ಅಂತ ಅಕ್ಕೋರು ಹಣಿ ಹಣಿ ಬಡಕೊಂಡ್ರು.

ನನಗ ಇದೊಂದು ಭಾರೀ ಕುತೂಹಲ ಹಿಡೀತು. ನಿದ್ದಿ ಬರಲಿಲ್ಲ ಅಂದ್ರೂ ನಡದೀತು. ನನ್ನ ಚೌಕ ಐದನೇದು, ಅಲ್ಲಿ ಬೇವಿನ ಬೇರು ಎದ್ದದ, ಆಕಿ ಎಡವತಾಳೇನೋ ಅಂತ ತಿಳಕೊಂಡೆ. ಗುದ್ದಲಿ ತಂದು ಬೇರಿಗೆ ಮಣ್ಣು ಮುಚ್ಚಿದೆ. ಮರುದಿನಾನೂ ಫೌಲ್. ನನ್ನ ಮಾರಿ ಆಕಡೆ ಇರ್ತದ, ಬಿಸಿಲು ಆಕಿ ಕಣ್ಣಿಗೆ ಹೊಡೀತದೇನೋ ಅಂತ ಇನ್ನೊಬ್ಬಾಕಿ ಜೋಡಿ ಚೌಕ ಬದಲ ಮಾಡಿಕೊಂಡೆ, ಎರಡನೇ ಚೌಕಕ್ಕ ಹೋದೆ. ಫೌಲ್ ನನ್ನ ಬೆನ್ನ ಹತ್ತಿ ಎರಡನೇ ಚೌಕಕ್ಕ ಬಂತು. ಏಳಕ್ಕ ಹೋದೆ, ಏಳಕ್ಕ ಬಂತು. ಅಂದ್ರ ಚೌಕದಾಗ ಏನೂ ಇಲ್ಲ, ಇದ್ದದ್ದು ನನ್ನ ಬೆನ್ನಾಗ. ಮನಿಗೆ ಹೋಗಿ ಅವ್ವನ್ನ ಕೇಳಿದೆ, "ಅವ್ವಾ, ನನ್ನ ಮೈ ನಾರ್ತದೇನು?" ಅವ್ವ ಮೂಸಿ ನೋಡಿ, "ಹುಚ್ಚು ಖೋಡಿ, ಹೋಗು" ಅಂದ್ಲು.

ಶುಕ್ರವಾರ ಅಕ್ಕೋರು ಹೇಳಿಬಿಟ್ರು. "ನಾಳೆ ಒಂಬತ್ತು ಹೆಸರು ಓದಾಕಿ ಅದೇನಿ. ಫೌಲ್ ಮಾಡಾಕೀನ್ನ ಕರ್ಕೊಂಡು ಹೋಗಿ ಸವಣೂರಾಗ ಮಾರಿ ಕಳಕೊಳ್ಳಂಗಿಲ್ಲ ನಾನು." ಹತ್ತನೇದಾಕಿ ಒಬ್ಬಾಕಿ ತಯಾರಾಗಿ ನಿಂತಿದ್ಲು, ಅಡತಿ ಅಂಗಡಿಯವರ ಮಗಳು, ಪಾಪ ಒಳ್ಳೇ ಹುಡುಗೀನ, ಹೊಸಾ ಬೂಟು ಹಾಕ್ಕೊಂಡು ದಿನಾ ಬಂದು ಗ್ವಾಡಿ ಹಂತೇಕ ಕೂಡ್ತಿದ್ಲು.

ಆವತ್ತ ಸಾಲಿ ಬಿಟ್ಟ ಮ್ಯಾಲೆ ನಾ ಮನಿಗೆ ಹೋಗಲಿಲ್ಲ. ತಿಳವಳ್ಳಿ ರಸ್ತಾಕ್ಕ ಹೋಗಿ ಊರ ದಾಟಿದ ಮ್ಯಾಲಿನ ಗಿಡದ ಕೆಳಗ ನಿಂತೆ. ಆಕಿ ಬಂದ್ಲು, ನನ್ನ ನೋಡಿ ಗಾಬರಿ ಆದ್ಲು. "ಯಾಕ್ರಿ, ಇಲ್ಲಿ ನಿಂತೀರಿ?" ನಿನ್ನ ಜೋಡಿ ನಡೀತೇನಿ ಅಂದೆ. ಆಕಿ ಹೆಜ್ಜಿಗೆ ಹೆಜ್ಜಿ ಹಾಕಲಿಕ್ಕೆ ಹೋಗಿ ನೂರು ಮಾರು ನಡಿಯೂದ್ರಾಗ ನನಗ ಪಕ್ಕಡಿ ಹಿಡದು ಏದುಸಿರು ಬಂತು. ಆಕಿ ನೋಡಿ ಸಾವಕಾಶ ನಡೀಲಿಕ್ಕೆ ಹತ್ತಿದ್ಲು. ರಸ್ತಾದ ಎರಡೂ ಬಾಜೂ ಭತ್ತ ಹಣ್ಣಾಗಿ ಬಾಗಿತ್ತು.

"ನನಗ ಒಬ್ಬಾಕಿಗೆ ಯಾಕ ಮುಟ್ಟೂದಿಲ್ಲ ನೀ?" ಅಂದೆ.

"ಹಂಗೇನಿಲ್ರಿ."

"ಹಂಗ ಅದ. ನಾ ಚೌಕ ಬದಲ ಮಾಡಿ ಮಾಡಿ ನೋಡೇನಿ. ನಾ ಏನು ತಪ್ಪು ಮಾಡೇನಿ ಹೇಳು."

ಆಕಿ ಮಾರಿ ಆಕಡೆ ಮಾಡಿ ಅಂದ್ಲು, "ನಾ ಮುಟ್ಟಿದ್ರ ನಿಮಗ ತಣ್ಣೀರು ಹಾಕ್ತಾರಲ್ರಿ. ಚಳಿ ಭಾಳ ಐತಿ."

ನಾ ನಾಟಕ ಮಾಡಿ ನಗಿಸಿದ್ದು ಆಕಿ ಕಿವಿಗೆ ಹಿಂಗ ಬಿದ್ದಿತ್ತು. ತನ್ನ ಸಾಲಿ ಹೋದ್ರೂ ಚಿಂತಿಲ್ಲ, ನನ್ನ ಮೈಮ್ಯಾಲೆ ಎರಡು ಕೊಡ ತಣ್ಣೀರು ಬೀಳಬಾರದು ಅಂತ ಆಕಿ ಕೈ ಹಿಂದ ಎಳಕೊಂಡಿದ್ಲು. ನಾ ಇಲ್ಲಿ ಬೇರು, ಬಿಸಿಲು, ಮೈ ನಾತ ಅಂತ ಹುಡಕ್ಕೋತ ಕೂತೇನಿ. ಇಂಥಾ ದಡ್ಡ ಮುಂಡೇದಕ್ಕ ಎಲ್ಲಾರೂ ಶ್ಯಾಣ್ಯಾಕಿ ಅಂತಿದ್ರು!

"ಇನ್ನ ಅಜ್ಜಿಗೆ ಹೇಳೂದ ಇಲ್ಲ ನಾನು, ಆತಿಲ್ಲೋ? ದೇವರಾಣಿ. ನಾಳೆ ಮುಟ್ಟು" ಅಂದೆ.

ಆಕಿ ನಕ್ಕಳು. "ನಿಮ್ಮ ಬಾಯಾಗ ಎಳ್ಳಕಾಳು ನೆನಿಯಂಗಿಲ್ರಿ. ಅಜ್ಜಿಯವರು ಕೇಳ್ತಾರ, ನೀವು ಹೇಳ್ತೀರಿ." ಹೇಳಿ ಮತ್ತ ಅಂದ್ಲು, "ನಮ್ಮವ್ವನೂ ಬ್ಯಾಡ ಅಂದಾಳ್ರಿ. ದೊಡ್ಡವರ ಮನಿ, ಒಂದ್ ಹೋಗಿ ಒಂದಾದ್ರ ನಮಗ ತ್ರಾಸ ಅಂತ."

"ಹಂಗಾದ್ರ ನಾಳೆ ಅಕ್ಕೋರಿಗೆ ನಾನ ಹೇಳ್ತೇನಿ. ಫೌಲ್ ಇಕಿದಲ್ಲ, ನಮ್ಮ ಮನೀದು ಅಂತ. ಹೆಸರು ಓದೂಕ್ಕಿಂತ ಮೊದಲ ಹೇಳ್ತೇನಿ."

ಆಕಿ ನಿಂತ್ಲು. ಅಷ್ಟೂ ದಿನದಾಗ ಮೊದಲ ಸಲ ನನ್ನ ಮಾರಿ ನೆಟ್ಟಗ ನೋಡಿದ್ಲು. "ಖರೇನ ಹೇಳ್ತೀರೇನ್ರಿ?"

"ಖರೇನ" ಅಂದೆ.

ಆಕಿ ಅಲ್ಲಿಂದ ಓಡಿದ್ಲು, ರಸ್ತಾ ಬಿಟ್ಟು ಭತ್ತದ ಬದುವಿನ ಮ್ಯಾಲೆ ಹಾರಿ ಹಾರಿ, ಪಾಟೀಚೀಲ ಬೆನ್ನಿಗೆ ಬಡೀತಿತ್ತು. ನಾ ಆಕಿ ಕಾಣೂ ತನಕ ನಿಂತು ನೋಡಿದೆ.

ಶನಿವಾರ ಮುಂಜಾನೆ ಸಾಲಿ. ಅಕ್ಕೋರು ಚೀಟಿ ಹಿಡಕೊಂಡು ಬೇವಿನ ಮರದ ಕೆಳಗ ನಿಂತ್ರು. ನಾ ರಾತ್ರಿ ಎಲ್ಲಾ ಮಾತು ಜೋಡಿಸಿ ಇಟ್ಟುಕೊಂಡಿದ್ದೆ. ಆದ್ರ ಬೆಳಗಾಗೂದ್ರಾಗ ಇನ್ನೊಂದು ಮಾತು ನೆನಪಾಗಿ ಕೂತಿತ್ತು, ಅಕ್ಕೋರು ಮೊದಲ ದಿನ ಹೇಳಿದ್ದು. ಮುಟ್ಟಿಸ್ಕೊಳ್ಳಾಕ ಒಲ್ಲೆ ಅನ್ನಾಕಿ ಮನಿಗೆ ನಡೀರಿ. ನಾ ಹೇಳಿದೆ ಅಂದ್ರ ಅಕ್ಕೋರು ಆಕೀನ್ನ ಇಟ್ಟುಕೊಂಡು ನನ್ನ ಕಳಸ್ತಾರ. ಇಲ್ಲಾ ಅಪ್ಪನ್ನ ಕರಸ್ತಾರ, ಅಪ್ಪ ಅಜ್ಜಿಗೆ ಅಂಜಿ ನನ್ನ ಆಟ ಬಿಡಿಸ್ತಾನ. ಸವಣೂರು ನೋಡಬೇಕಿತ್ತು ನನಗ. ಓಡಬೇಕಿತ್ತು. ನಮ್ಮ ಮನೆತನದಾಗ ಮೊದಲ ಓಡಾಕಿ ನಾನು, ಒಂಬತ್ತಕ್ಕ ನಿಲ್ಲಲಾರದಾಕಿ.

ಅಕ್ಕೋರು ಓದೂಕ್ಕಿಂತ ಮೊದಲ ಒಂದು ಮಾತು ಕೇಳಿದ್ರು. "ಈ ಹುಡುಗಿ ಯಾಕ ಹಿಂಗ ಮಾಡ್ತಾಳ, ನಿಮ್ಮ ಪೈಕಿ ಯಾರಿಗರ ಗೊತ್ತೈತೇನು? ಇದ್ರ ಈಗ ಹೇಳ್ರಿ. ನನಗೂ ಇಕೀನ್ನ ಬಿಡಾಕ ಮನಸ್ಸಿಲ್ಲ."

ಆಕಿ ನನ್ನ ಕಡೆ ನೋಡಿದ್ಲು. ಬೇವಿನ ಗಿಡದಾಗ ಒಂದು ಅಳಿಲು ಚಿಕ್ ಚಿಕ್ ಅಂತಿತ್ತು. ಹೇಳಬಾರದಾಗ ನಾಟಕ ಮಾಡಿ ಹೇಳಿದಾಕಿ ನಾನು, ಹೇಳಬೇಕಾದಾಗ ಬಾಯಿ ಹೊಲಕೊಂಡು ನಿಂತಿದ್ದೆ. ಅಕ್ಕೋರು ಒಂದು ಗಳಿಗಿ ಕಾದ್ರು, ಚೀಟಿ ಓದಿದ್ರು. ನನ್ನ ಹೆಸರು ಮೂರನೇದು. ಒಂಬತ್ತನೇದು ಅಡತಿ ಅಂಗಡಿಯವರ ಮಗಳದು.

ಆಕಿ ಅಳಲಿಲ್ಲ. ಅಭ್ಯಾಸಕ್ಕಂತ ಕೊಟ್ಟಿದ್ದ ನೀಲಿ ರಿಬ್ಬನ್ ಜಡಿಯಿಂದ ಬಿಚ್ಚಿ, ಕೈಯಾಗ ಸುತ್ತಿ, ಅಕ್ಕೋರ ಕುರ್ಚಿ ಮ್ಯಾಲೆ ಇಟ್ಲು. ನನ್ನ ಬಾಜೂಕಿಂದಾನ ಹೋದ್ಲು. ನನ್ನ ಲಂಗದ ಸೆರಗಿಗೂ ತಾಗದ ಹಾಂಗ ಸರದು ಹೋದ್ಲು. ಸೋಮವಾರ ಕಡೀ ಬೆಂಚು ಖಾಲಿ ಇತ್ತು.

ಸವಣೂರಿಗೆ ಹೋದ್ವಿ. ಹಿರೇಕೆರೂರಿನ ಹುಡುಗ್ಯಾರು ಬರಿಗಾಲಾಗ ಬಂದಿದ್ರು, ಕೆಲಸಾ ಮಾಡಿ ಮಾಡಿ ಗಟ್ಟಿಯಾದ ಕಾಲು, ಆದ್ರ ಆಟ ಕಲಸಾವರ ಸಿಕ್ಕಿರಲಿಲ್ಲ ಅವರಿಗೆ. ಸವಣೂರಿನವರು ಚೂಡಿದಾರದ ಓಢಣಿ ನಡಕ್ಕ ಬಿಗದು ಆಡಿದ್ರು. ಅವರ ಪೈಕಿ ಒಬ್ಬಾಕಿ, ಆಟ ಮುಗದ ಮ್ಯಾಲೆ ಚುರಮರಿ ತಿನ್ಕೋತ, ನಾವು ನಾಕು ಗ್ವಾಡಿ ನಡುವ ಬಾಗಲ ಹಾಕ್ಕೊಂಡು ಕಲತೇವಿ, ಅಣ್ಣಂದಿರಿಗೆ ಗೊತ್ತಿಲ್ಲ ಅಂತ ಹೇಳಿದ್ಲು. ನೋಡಿದ್ರ ಊರೂರಿಗೆ ಕೇರಿಕೇರಿಗೆ ಒಂದೊಂದು ನಮೂನಿ ಬೀಗ. ನಾವು ಗೆದ್ವಿ. ನನ್ನ ಯಾರೂ ಮುಟ್ಟಲಿಕ್ಕೆ ಆಗಲಿಲ್ಲ, ಎರಡೂ ಸಲ ಔಟಾಗದ ಉಳದೆ, ಭಾಳ ಚಪ್ಪಾಳಿ ಬಿದ್ವು. ಇದನ್ನ ಹೇಳಲಿಕ್ಕೆ ನನಗ ಈಗೂ ನಾಚಿಕಿ ಆಗ್ತದ.

ಆಟ ಬಿಡಲಿಲ್ಲ ನಾನು. ಮನ್ಯಾಗ ಎಲ್ಲಾರ ಜೋಡಿ ಜಗಳಾಡಿ, ಊಟಾ ಬಿಟ್ಟು, ಡ್ರಿಲ್ ಅಕ್ಕೋರಾಗೂದ ಕಲತು ಬಂದೆ. ಎಂಬತ್ತರ ದಶಕದಾಗ ಮೊದಲ ಶಿಗ್ಗಾಂವಿ ಕಡೆ, ಆಮ್ಯಾಲೆ ಹಿರೇಕೆರೂರು ಕಡೆ ನೌಕರಿ. ಎಲ್ಲಿ ಹೋದ್ರೂ ಅದ ಪ್ರಶ್ನಿ ಹಿಡಕೊಂಡು ತಿರಗಿದೆ, ಯಾರು ಓಡ್ತಾರ, ಯಾರು ಓಡೂದಿಲ್ಲ, ಯಾಕ. ಮನಿಮನಿಗೆ ಹೋಗಿ ಕೇಳ್ತಿದ್ದೆ. ಒಬ್ಬರಿಗೆ ಮಗಳು ಕಪ್ಪಾಗ್ತಾಳನ್ನೂ ಚಿಂತಿ, ಒಬ್ಬರಿಗೆ ಎಮ್ಮಿ ಕಾಯಾವರಿಲ್ಲ, ಒಬ್ಬರಿಗೆ ಓಣಿ ಮಂದಿ ಅಂಜಿಕಿ. ಕೆಲವೊಂದು ಬಾಗಲ ತಗದ್ವು, ಕೆಲವು ತಗೀಲಿಲ್ಲ. ಹೊಸಾ ಹುಡುಗ್ಯಾರು ಬಂದಾಗ ಮೊದಲ ದಿನ ನಾನ ಸೀರಿ ಕಟ್ಟಿ ಚೌಕದಾಗ ಕುಕ್ಕರಗಾಲಿಲೆ ಕೂತು, ಒಬ್ಬೊಬ್ಬಾಕಿ ಕಡಿಂದನೂ ಬೆನ್ನಿಗೆ ಖೋ ಕೊಡಿಸಿಕೊಳ್ತಿದ್ದೆ. ಅಂಜಿ ಅಂಜಿ ಬೆರಳು ತಾಗಿಸಿದ್ರ, "ರೊಟ್ಟಿ ಬಡಿಯೂಹಾಂಗ ಬಡೀರೆವಾ, ನಾ ಏನು ಸವದು ಹೋಗೂದಿಲ್ಲ" ಅಂತಿದ್ದೆ. ಬಾಕಿ ಅಕ್ಕೋರುಗೋಳು ಇಕಿಗೆ ತಲಿ ಸರಿ ಇಲ್ಲ ಅಂತಿದ್ರು.

ಒಂದಿನ ಹಿರೇಕೆರೂರಿಂದ ಹಾನಗಲ್ಲಿಗೆ ಬರೂದ್ರಾಗ ಬಸ್ ಅಕ್ಕಿಆಲೂರಾಗ ಕೆಟ್ಟು ನಿಂತಿತು. ಸಂತಿ ದಿನ. ನಾ ಇಳದು ನಿಂತಿದ್ದೆ. ಅಕ್ಕಿ ಗಿರಣಿ ಕಡಿಂದ ಒಬ್ಬ ಹೆಣ್ಣುಮಗಳು ತೌಡಿನ ಚೀಲ ಹೊತ್ತು ಬರ್ಲಿಕ್ಕೆ ಹತ್ತಿದ್ಲು. ಮಾರಿ ನೋಡಿ ಅಲ್ಲ, ಹೆಜ್ಜಿ ನೋಡಿ ಗುರ್ತು ಹಿಡದೆ. ಓಡಿ ಹೋಗಿ ಮುಂದ ನಿಂತೆ.

"ನನ್ನ ಗುರ್ತು ಸಿಕ್ತೇನು?"

ಆಕಿ ಚೀಲ ಇಳಿಸಿ ಕಟ್ಟಿ ಮ್ಯಾಲೆ ಇಟ್ಟು, ಸೆರಗಿಲೆ ಮಾರಿ ಒರಸಿಕೊಂಡು ನಕ್ಕಳು. "ಸಿಗದ ಏನ್ರಿ? ನಿಮ್ಮ ದನಿ ಅರ್ಧ ಹರದಾರಿ ಕೇಳ್ತೈತಿ. ಅಕ್ಕೋರ ಆಗೀರಂತ, ಕೇಳೇನ್ರಿ. ಆವಾಗ ಸವಣೂರಾಗ ಗೆದ್ರಂತಲ್ಲ?"

ಹೌದು ಅಂದೆ. "ಈಗ ಓಡ್ತಿ ಏನು?" ಅಂತ ಹುಚ್ಚರಗತೆ ಕೇಳಿದೆ.

"ಯಾಕ ಓಡ್ಲಿರಿ, ಯಾರು ಬೆನ್ನ ಹತ್ಯಾರ?"

ಆವಾಗ ನನಗ ಏನಾತೋ, ನಡು ಸಂತಿಯೊಳಗ, ಮಂದಿ ನೋಡ್ಲಿಕ್ಕೆ ಹತ್ಯಾರನ್ನೂದೂ ಇಲ್ಲದ, ಆಕಿಗೆ ಬೆನ್ನು ಮಾಡಿ ನಿಂತೆ. "ಒಂದು ಖೋ ಕೊಡು. ಆವಾಗಿಂದು ಬಾಕಿ ಅದ."

ಹಿಂದ ಆಕಿ ಖಳಖಳಾ ನಕ್ಕಳು. "ಯಾಕ್ರಿ ಅಕ್ಕೋರ, ಈಗ ಮನ್ಯಾಗ ಬಿಸಿನೀರಿನ ಬಚ್ಚಲಾ ಕಟ್ಟಿಸೀರೇನು? ಆಟ ಮುಗದೈತ್ರಿ. ಬರ್ರಿ ಇಲ್ಲೆ, ಚೀಲಾ ಹೊರಸ್ರಿ, ಹೊತ್ತಾತು."

ಚೀಲದ ಒಂದು ಕಡೆ ಹಿಡದೆ. ಎತ್ತಲಿಕ್ಕೆ ಆಗಲಿಲ್ಲ, ಡ್ರಿಲ್ ಅಕ್ಕೋರಂತ ಡ್ರಿಲ್ ಅಕ್ಕೋರು! "ಹಂಗಲ್ರಿ" ಅಂತ ಆಕಿ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡದು ಚೀಲದ ಕೆಳಗ ನನ್ನ ಕೈ ಸೇರಿಸಿದ್ಲು. ಅಂಗೈ ಒರಟು ಒರಟು ಹತ್ತಿತು. "ಹೂಂ, ಈಗ ಎತ್ರಿ. ಇನ್ನಷ್ಟ ಮ್ಯಾಲೆ." ಚೀಲ ತಲಿ ಮ್ಯಾಲೆ, ಸಿಂಬಿಯೊಳಗ ಕೂತಿತು. ಈಗ ಆಕಿ ಕುತ್ತಿಗಿ ಹೊರಳಿಸೂ ಹಾಂಗಿರಲಿಲ್ಲ.

ಆಕಿ ಬಾಜೂಕ ನಿಂತು ಅಂದೆ, "ಆವತ್ತ ನಾ ಹೇಳಬೇಕಿತ್ತು."

ಹೋಗ್ಲಿ ಬಿಡ್ರಿ, ಸಣ್ಣಾವರಿದ್ವಿ, ಅದೆಲ್ಲಾ ಈಗ ಯಾಕ ಅಂತಾಳ ಅಂತ ಕಾದೆ. ಕಾದದ್ದು ಖರೆ.

ಆಕಿ ಮುಂದ ನೋಡ್ಕೋತ, ಸಿಟ್ಟಿಲ್ಲದ ದನಿಯೊಳಗ, "ಹೌದ್ರಿ. ಹೇಳಬೇಕಿತ್ತು" ಅಂದ್ಲು. ಅಂದು ತಿಳವಳ್ಳಿ ರಸ್ತಾ ಹಿಡದು ನಡದ್ಲು.